ಮಗುವಿಗೂ ಅದೇ ಬೆಲೆ

ಜವಳಿ ಅಂಗಡಿಗಳ ಗೋಡೆಯ ಮೇಲೆ 'ಒಂದೇ ದರ' ಎಂಬ ಹಲಗೆಯನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ಓದಿದ ಮೇಲೂ ನಮ್ಮಲ್ಲಿ ಹೆಚ್ಚಿನವರು 'ಇರ್ಲಿ, ಕಡೀ ರೇಟು ಹೇಳ್ರಿ' ಎನ್ನದೆ ಬಿಡುವುದಿಲ್ಲ. ಹಲಗೆ ಹಾಕಿದವನಿಗೂ ಇದು ಗೊತ್ತು. ಬಿಡುವುದಕ್ಕೆಂದೇ ಹತ್ತಿಪ್ಪತ್ತು ರೂಪಾಯಿ ಮೇಲಿಟ್ಟು ಆತ ದರ ಹೇಳುತ್ತಾನೆ. ಕೇಳಿದವಳಿಗೆ ಆ ಇಪ್ಪತ್ತು ಉಳಿಯುತ್ತದೆ. ಕೇಳಲು ಬಾಯಿ ಬಾರದವಳು ಅದನ್ನು ಕೊಟ್ಟು ಹೋಗುತ್ತಾಳೆ. ನೋಡಲು ಇದು ಸಣ್ಣ ಸಂಗತಿ. ಆದರೆ ಒಂದೇ ಸೀರೆಗೆ ಇಬ್ಬರು ಹೆಣ್ಣುಮಕ್ಕಳು ಎರಡು ಬೆಲೆ ಕೊಡುವುದು ನ್ಯಾಯವೇ ಎಂಬ ಪ್ರಶ್ನೆ ಅದರೊಳಗೆ ಕುಳಿತಿದೆ. ನಾನು ಹುಟ್ಟಿದ್ದು ಜವಳಿ ಅಂಗಡಿಯವರ ಮನೆಯಲ್ಲಿ. ಹಾಗಾಗಿ ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಓದುವ ಮುಂಚೆ ನಾನು ಮನೆಯ ಅಡುಗೆಮನೆಯಲ್ಲಿ ಕೇಳಿದ್ದೆ.

ನಮ್ಮ ಮುತ್ಯಾ ಆಳಂದದ ಬಜಾರದಲ್ಲಿ ಅಂಗಡಿ ಹಾಕಿದ್ದು ನಿಜಾಮರ ಕಾಲದಲ್ಲಿ. ಆಗ ಆಳಂದ ಹೈದರಾಬಾದ್ ಸಂಸ್ಥಾನದ ಅಂಚಿನ ಊರು. ಆಚೆಗೆ ಅಕ್ಕಲಕೋಟೆ, ಅದರಾಚೆ ಇಂಗ್ರೇಜಿಯವರ ಆಳ್ವಿಕೆಯ ಸೊಲ್ಲಾಪುರ. ಅರಿವೆ ಬರುತ್ತಿದ್ದದ್ದು ಸೊಲ್ಲಾಪುರದ ಗಿರಣಿಗಳಿಂದ, ಇಳಕಲ್ಲಿನ ಮಗ್ಗಗಳಿಂದ, ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಿಂದ. ಸೊಲ್ಲಾಪುರದಲ್ಲಿ ಕೊಳ್ಳುವುದು ಕಲ್ದಾರ ರೂಪಾಯಿಗೆ, ಆಳಂದದಲ್ಲಿ ಮಾರುವುದು ನಿಜಾಮರ ಹಾಲಿ ಸಿಕ್ಕಾಕ್ಕೆ. ಆರು ಕಲ್ದಾರಕ್ಕೆ ಏಳು ಹಾಲಿ. ನಡುವೆ ಕರೋಡಗಿರಿ ನಾಕೆಯ ಸುಂಕ ಬೇರೆ. ನಾಲ್ಕು ರೂಪಾಯಿ ಎಂದರೆ ಯಾವ ನಾಲ್ಕು ರೂಪಾಯಿ ಎಂದು ಕೇಳುವ ಗಿರಾಕಿ ಒಬ್ಬ, ಕೇಳದೆ ಗಂಟು ಬಿಚ್ಚುವ ಗಿರಾಕಿ ಇನ್ನೊಬ್ಬ. 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ಸಿಕ್ಕಾ ಕೆಲವು ವರ್ಷ ಓಡಾಡಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದೆ ಗಜ, ವಾರಗಳು ಹೋಗಿ ಮೀಟರು ಬಂತು. ನಾಣ್ಯ ಬದಲಾಯಿತು, ಅಳತೆ ಬದಲಾಯಿತು. ಮುಖ ನೋಡಿ ದರ ಹೇಳುವ ರೂಢಿ ಮಾತ್ರ ಬದಲಾಗಲಿಲ್ಲ.

ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿಯ ಗಾದಿ. ಹಿಂದೆ ಹಲಗೆಯ ಖಾನೆಗಳಲ್ಲಿ ತಾಗಾಗಳು. ಒಂದೊಂದು ತಾಗಾಕ್ಕೂ ಒಂದು ಚೀಟಿ, ಅದರ ಮೇಲೆ ಎರಡೋ ಮೂರೋ ಅಕ್ಷರ. ಅದು ಖರೀದಿ ದರ. ಜವಳಿ ವ್ಯಾಪಾರಸ್ಥರಲ್ಲಿ ಇದು ಹಳೆಯ ಪದ್ಧತಿ: ಅಕ್ಷರಗಳು ಬೇರೆ ಬೇರೆಯಾಗಿರುವ ಒಂದು ಮಾತನ್ನು ಮನೆಯವರು ಗುಟ್ಟಾಗಿ ಗೊತ್ತು ಮಾಡಿಕೊಳ್ಳುತ್ತಾರೆ, ಒಂದೊಂದು ಅಕ್ಷರ ಒಂದೊಂದು ಅಂಕಿ. ಗಿರಾಕಿ ಚೀಟಿ ನೋಡಿದರೂ ತಿಳಿಯುವುದಿಲ್ಲ. ಕುಳಿತವನಿಗೆ ಮಾತ್ರ ತಾನು ಎಷ್ಟಕ್ಕೆ ತಂದೆ, ಎಷ್ಟರವರೆಗೆ ಇಳಿಯಬಹುದು ಎಂಬುದು ಗೊತ್ತು. ನಮ್ಮ ಮನೆಯ ಮಾತನ್ನು ಗಂಡುಹುಡುಗರಿಗೆ ಹತ್ತು ವರ್ಷ ತುಂಬಿದಾಗ ಹೇಳಿಕೊಡುತ್ತಿದ್ದರು. ನಮಗೆ ಹೇಳಿಕೊಡಲಿಲ್ಲ. ಹೆಣ್ಣು ಮತ್ತೊಂದು ಮನೆಗೆ ಹೋಗುವವಳು, ಗುಟ್ಟು ಅವಳ ಜೊತೆ ಹೋದೀತು ಎಂಬ ಅಂಜಿಕೆ.

ಗಾದಿಯ ಮೇಲೆ ಎಲ್ಲರೂ ಕೂಡುತ್ತಿರಲಿಲ್ಲ. ಗೌಡರ ಮನೆಯ ಹೆಣ್ಣುಮಕ್ಕಳಂತೂ ಅಂಗಡಿಗೇ ಬರುತ್ತಿರಲಿಲ್ಲ. ಆಳು ಸೀರೆಯ ಗಂಟು ಹೊತ್ತು ಅವರ ಪಡಸಾಲೆಗೆ ಹೋಗುತ್ತಿದ್ದ. ಪರದೆಯ ಮನೆಗಳಿಗೂ ಹಾಗೆಯೇ. ಕೂಲಿಯವರು ಗಾದಿಯ ಅಂಚಿಗೆ, ಕಟ್ಟೆಯ ಮೇಲೆ. ಹೊಲಗೇರಿಯಿಂದ ಬಂದವರು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು. ಅರಿವೆಯನ್ನು ಮೇಲಿಂದ ಅವರ ಸೆರಗಿಗೆ ಹಾಕುವುದು. ಒಂದು ಸಲ ಕೈಗೆ ಬಂತೆಂದರೆ ಅದು ಅವರದ್ದೇ, ತಿರುಗಿ ಕೊಡುವಂತಿಲ್ಲ. ಮುಟ್ಟಿ ನೋಡುವ ಹಕ್ಕಿಲ್ಲದವಳು ಚೌಕಾಸಿ ಏನು ಮಾಡಿಯಾಳು? ಹೇಳಿದ ಬೆಲೆಯೇ ಅವಳ ಬೆಲೆ. ಹೀಗೆ ಒಂದೇ ತಾಗಾದ ಅರಿವೆಗೆ ಬಜಾರದಲ್ಲಿ ಎಷ್ಟು ಮೆಟ್ಟಿಲೋ ಅಷ್ಟು ಬೆಲೆ. ವಿಚಿತ್ರವೆಂದರೆ ಎಲ್ಲಕ್ಕಿಂತ ಕೆಳಗೆ ನಿಂತವಳು ಕೊಡುವ ಬೆಲೆಯೇ ಎಲ್ಲಕ್ಕಿಂತ ಮೇಲಿನದು.

ಇಷ್ಟು ಓದಿ ಮುತ್ಯಾನನ್ನು ಕೆಟ್ಟವನೆಂದುಕೊಳ್ಳಬೇಡಿ. ಆತ ಪೂಜೆಯಿಲ್ಲದೆ ನೀರು ಮುಟ್ಟಿದವನಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ವರ್ಷವೂ ದಾಸೋಹಕ್ಕೆ ಜೋಳದ ಚೀಲ ಕಳಿಸುತ್ತಿದ್ದ. ಲಾಡ್ಲೆ ಮಶಾಯಕರ ಉರುಸಿನ ದಿನ ದರ್ಗಾಕ್ಕೆ ಹೂವಿನ ಚಾದರ ಹೋಗುತ್ತಿತ್ತು. ಮುಖ ನೋಡಿ ದರ ಹೇಳುವುದು ಆತನಿಗೆ ಪಾಪವೆಂದು ಅನಿಸಿರಲೇ ಇಲ್ಲ. ಅದು ವ್ಯಾಪಾರ, ಇದು ಧರ್ಮ. ಎರಡಕ್ಕೂ ಬೇರೆ ಬೇರೆ ವಹಿ.

ಆ ಎರಡು ವಹಿಗಳನ್ನು ಒಟ್ಟಿಗೆ ಬಿಚ್ಚಿದವಳು ನಮ್ಮ ಆಯಿ. ಅಕ್ಷರ ಬಾರದ ಹೆಣ್ಣುಮಗಳು. ಒಂದು ಜಾತ್ರೆಯ ಮುಂಚೆ ಚೀಲ ಹೊಲಿಯುತ್ತ ಕುಳಿತು ಕೇಳಿದಳಂತೆ: 'ಕೇಳ್ಲಾಕ ಬಾಯಿ ಇಲ್ದವರ ಕಡಿಂದ ಹೆಚ್ಚಿಗಿ ತಗೊಂಡು ಗುಡಿಗಿ ಕೊಟ್ರ, ಪುಣ್ಯ ಯಾರಿಗಿ ಹತ್ತತದ? ಅವರಿಗೋ ನಿಮಗೋ?' ಮುತ್ಯಾ ಸಿಟ್ಟಿಗೆದ್ದು ಹೊರಗೆ ಹೋದನಂತೆ. ಉತ್ತರ ಕೊಡಲಿಲ್ಲ. ಈ ಪ್ರಶ್ನೆ ಮಾತ್ರ ಮನೆಯಲ್ಲಿ ಉಳಿಯಿತು. ಅದನ್ನು ನನಗೆ ಹೇಳಿದವಳು ಅವ್ವ.

ಆಯಿಗೆ ಈ ಧೈರ್ಯ ಎಲ್ಲಿಂದ ಬಂತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬಹುಶಃ ಪುರಾಣ ಕೇಳಿ. ಬಸವಕಲ್ಯಾಣ ನಮಗೆ ದೂರದ ಊರಲ್ಲ. ಅಲ್ಲಿನ ಶರಣರ ಕಥೆಗಳು ಶ್ರಾವಣದಲ್ಲಿ ಮನೆಮನೆಯ ಮಾತು. ಆಯ್ದಕ್ಕಿ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಇದು ನಮ್ಮ ಅಗತ್ಯದ ಅಕ್ಕಿಯಲ್ಲ, ಆಸೆಯ ಅಕ್ಕಿ ಎಂದು ಹೇಳಿ ತಿರುಗಿ ಚೆಲ್ಲಿ ಬರಲು ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರೂ ಕೇಳುವವರಿಲ್ಲ, ಅದರಿಂದ ನಡೆಯಬೇಕಾದದ್ದೂ ದಾಸೋಹವೇ. ಆದರೂ ಬೇಡವೆಂದಳು. ಎಷ್ಟು ಬಂತು ಎಂದು ಲೆಕ್ಕ ಹಾಕುವವರು ನಾವೆಲ್ಲ. ಹೇಗೆ ಬಂತು ಎಂದು ಕೇಳಿದವಳು ಆಕೆ. ಕೊಡುವ ಕೈ ಒಳ್ಳೆಯದಾದರೆ ಸಾಲದು, ತೆಗೆದುಕೊಂಡ ಕೈಯೂ ಒಳ್ಳೆಯದಿರಬೇಕು ಎಂಬ ಪಾಠವನ್ನು ನಮ್ಮ ಆಯಿ ಅಲ್ಲಿಂದ ಕಲಿತಿರಬೇಕು.

ಆಯಿಯ ಪ್ರಶ್ನೆ ದೂರದ ದೇಶಗಳಲ್ಲೂ ಜನರನ್ನು ಕಾಡಿದೆ. ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥವೊಂದು ಹುಟ್ಟಿತು. ಆ ಪಂಥದ ವ್ಯಾಪಾರಿಗಳು ಚೌಕಾಸಿ ಮಾಡುತ್ತಿರಲಿಲ್ಲ. ಅವರ ವಾದ ಸರಳ: ಐದು ರೂಪಾಯಿಗೆ ಕೊಡುವ ಮನಸ್ಸಿದ್ದು ಎಂಟು ಎಂದು ಹೇಳಿದರೆ ಅದು ಸುಳ್ಳು, ಸುಳ್ಳು ದೇವಾಲಯದಲ್ಲಿ ಪಾಪವಾದರೆ ಅಂಗಡಿಯಲ್ಲೂ ಪಾಪ. ಅವರ ಅಂಗಡಿಗೆ ಮಗುವನ್ನು ಕಳಿಸಿದರೂ ದೊಡ್ಡವರಿಗೆ ಸಿಕ್ಕ ಬೆಲೆಗೇ ಸಾಮಾನು ಸಿಗುತ್ತದೆ ಎಂದು ಜನ ನಂಬಿದರು, ನಂಬಿದ್ದರಿಂದ ಅವರ ವ್ಯಾಪಾರವೂ ಬೆಳೆಯಿತು.

ಇದೇ ಮಗುವನ್ನು ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ತಂದು ನಿಲ್ಲಿಸುತ್ತಾನೆ. ಒಬ್ಬ ಅಂಗಡಿಕಾರ ಎಲ್ಲರಿಗೂ ಒಂದೇ ಬೆಲೆ ಇಟ್ಟಿದ್ದಾನೆ, ತಿಳಿಯದ ಮಗುವಿಗೂ ಹೆಚ್ಚು ಹೇಳುವುದಿಲ್ಲ. ಆತ ಪ್ರಾಮಾಣಿಕನೇ ಸರಿ. ಆದರೆ ಯಾಕೆ ಪ್ರಾಮಾಣಿಕ? ಹಾಗಿದ್ದರೆ ಗಿರಾಕಿ ಹೆಚ್ಚುತ್ತಾರೆ ಎಂಬ ಲೆಕ್ಕದಿಂದಲೋ, ಮೋಸ ಮಾಡಬಾರದು ಎಂಬ ಧರ್ಮದಿಂದಲೋ? ಲೆಕ್ಕದಿಂದಾದರೆ ಆತನ ನಡತೆ ಸರಿಯಾದದ್ದು ನಿಜ, ಆದರೆ ಅದಕ್ಕೆ ನೈತಿಕ ಬೆಲೆಯಿಲ್ಲ ಎಂದು ಕಾಂಟ್ ಹೇಳುತ್ತಾನೆ. ಮೊದಲ ಸಲ ಇದನ್ನು ಓದಿದಾಗ ನನಗೆ ಇದು ಬಹಳ ಬಿಗಿಯಾದ ಮಾತು ಅನಿಸಿತು. ಮಗುವಿಗೆ ಸರಿಯಾದ ಬೆಲೆ ಸಿಕ್ಕರೆ ಸಾಕು, ಅಂಗಡಿಕಾರನ ಎದೆಯೊಳಗೆ ಇಣುಕುವ ಉಸಾಬರಿ ನಮಗೇಕೆ? ಆದರೆ ಆ ಪ್ರಶ್ನೆಗೆ ಅರ್ಥವಿದೆ ಎಂದು ನನಗೆ ತೋರಿಸಿಕೊಟ್ಟದ್ದು ನಮ್ಮದೇ ಅಂಗಡಿ. ಅದನ್ನು ಮುಂದೆ ಹೇಳುತ್ತೇನೆ.

'ಒಂದೇ ದರ'ವನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿ ಹೆಸರಾದವರಲ್ಲಿ ಪ್ಯಾರಿಸ್ಸಿನ ಒಂದು ದಂಪತಿ ಮುಖ್ಯರು. 1852ರಲ್ಲಿ ಆರಿಸ್ತಿದ್ ಬೂಸಿಕೊ 'ಬಾನ್ ಮಾರ್ಶೆ' ಎಂಬ ಅಂಗಡಿಗೆ ಪಾಲುದಾರನಾಗಿ ಸೇರಿದ, 1863ರಲ್ಲಿ ಪೂರ್ತಿ ತನ್ನದಾಗಿ ಮಾಡಿಕೊಂಡ. ಪ್ರತಿಯೊಂದು ಸಾಮಾನಿಗೂ ಬೆಲೆ ಬರೆದ ಚೀಟಿ, ಯಾರು ಬೇಕಾದರೂ ಒಳಗೆ ಬಂದು ನೋಡಬಹುದು, ಕೊಳ್ಳಲೇಬೇಕೆಂದಿಲ್ಲ, ಹಿಡಿಸದಿದ್ದರೆ ತಿರುಗಿ ಕೊಡಬಹುದು. ಕಡಿಮೆ ಲಾಭ, ಹೆಚ್ಚು ಮಾರಾಟ. ಇಂದು ನಾವು ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಕರೆಯುವ ಅಂಗಡಿಗಳ ಹಾದಿ ಹೀಗೆ ಬೆಳೆಯಿತು. ಆತನ ಹೆಂಡತಿ ಮಾರ್ಗರೀತ್ ಬಡ ಹಳ್ಳಿಯ ಹೆಣ್ಣು, ಮದುವೆಯಾಗದ ತಾಯಿಯ ಮಗಳು, ಪ್ಯಾರಿಸ್ಸಿಗೆ ಬಂದದ್ದು ಬಟ್ಟೆ ಒಗೆಯುವ ಕೆಲಸಕ್ಕೆ. 1877ರಲ್ಲಿ ಗಂಡ, 1879ರಲ್ಲಿ ಒಬ್ಬನೇ ಮಗ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಅಂಗಡಿ ಅವಳ ಪಾಲಿಗೆ ಬಂತು. 1880ರಲ್ಲಿ ಅವಳು ಕೆಲಸಗಾರರಲ್ಲೇ ಕೆಲವರನ್ನು ಪಾಲುದಾರರನ್ನಾಗಿ ಮಾಡಿಕೊಂಡಳು. 1886ರಲ್ಲಿ ತನ್ನ ಹಣ ಹಾಕಿ ನೌಕರರಿಗೆ ಪಿಂಚಣಿ ನಿಧಿ ತೆರೆದಳು. ಮರುವರ್ಷ ತೀರಿಕೊಂಡಾಗ ಆಸ್ತಿಯಲ್ಲಿ ದೊಡ್ಡ ಪಾಲು ನೌಕರರಿಗೂ ಆಸ್ಪತ್ರೆಗೂ ಹೋಯಿತು. ಈ ಕಥೆಗೆ ಇನ್ನೊಂದು ಮುಖವಿದೆ. ಅಂಥ ಅಂಗಡಿಗಳ ಎದುರು ಸುತ್ತಲಿನ ಸಣ್ಣ ಅಂಗಡಿಗಳು ಹೇಗೆ ಮುಚ್ಚಿಹೋದವು ಎಂಬುದನ್ನು ಎಮಿಲ್ ಜೋಲಾ 1883ರಲ್ಲೇ ಕಾದಂಬರಿಯಾಗಿ ಬರೆದ. ಗಿರಾಕಿಗೆ ನ್ಯಾಯ ಸಿಕ್ಕ ಕಡೆ ನೆರೆಯವನಿಗೆ ಅನ್ಯಾಯ ಆಗುವುದಿಲ್ಲ ಎಂದೇನೂ ಇಲ್ಲ.

ಆಳಂದದ ನಮ್ಮಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಮುತ್ಯಾ ತೀರಿದ ಮೇಲೆ ಗಾದಿಗೆ ಬಂದವನು ಅಪ್ಪ, ಜೊತೆಗೆ ಕಾಕಾ. ಒಂದು ದೀಪಾವಳಿ ಪಾಡ್ಯಕ್ಕೆ ವಹಿ ಪೂಜೆ ಮುಗಿದ ಕೂಡಲೆ ಅಪ್ಪ 'ಒಂದೇ ದರ' ಎಂದು ಬರೆಸಿದ ತಗಡನ್ನು ಗೋಡೆಗೆ ಹೊಡೆಸಿದ. ಗುಟ್ಟಿನ ಅಕ್ಷರಗಳ ಚೀಟಿ ಕಿತ್ತು ಅಂಕಿಯ ಚೀಟಿ ಹಚ್ಚಿಸಿದ. ಕಾಕಾ ಯಾಕೆಂದು ಕೇಳಿದ್ದಕ್ಕೆ, 'ಮುಂಜಾನಿಂದ ಸಂಜಿತನ ಸುಳ್ಳು ಹೇಳಿ ಹೇಳಿ ಬಾಯಿ ಸೋತದ' ಎಂದನಂತೆ. ಮೆಟ್ಟಿಲ ಕೆಳಗೆ ನಿಲ್ಲುವುದು ಅಷ್ಟೊತ್ತಿಗೆ ಕಾನೂನಿನಲ್ಲಿ ಅಪರಾಧವಾಗಿತ್ತು, ರೂಢಿಯಲ್ಲಿ ಹಾಗೇ ಇತ್ತು. ಅಂಕಿಯ ಚೀಟಿ ಬಂದ ಮೇಲೆ ಅದೂ ನಿಧಾನಕ್ಕೆ ಸಡಿಲಾಯಿತು. ಬೆಲೆ ಎಲ್ಲರಿಗೂ ಒಂದೇ ಆದ ಮೇಲೆ ನಿಲ್ಲುವ ಜಾಗ ಬೇರೆ ಬೇರೆ ಯಾಕೆ ಎಂದು ಕೇಳಲು ಹುಡುಗರಿಗೆ ಬಾಯಿ ಬಂತು.

ಮೊದಲ ವರ್ಷ ವ್ಯಾಪಾರ ಬಿತ್ತು. ಹಳೆಯ ಗಿರಾಕಿಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅವಮಾನವಾದಂತಾಯಿತು. 'ನಮ್ಮ ಮಾತಿಗಿ ಕಿಮ್ಮತ್ತ ಇಲ್ಲಂದ್ರ ನಿಮ್ಮ ಅಂಗಡಿಗಿ ಯಾಕ ಬರಬೇಕ್ರಿ ಸಾವ್ಕಾರ್ರ?' ಎಂದು ಎದ್ದು ಹೋದವರಿದ್ದರು. ಈ ಮಾತನ್ನು ಆಗ ನಾನು ಹಗುರಾಗಿ ತೆಗೆದುಕೊಂಡಿದ್ದೆ. ಅದರ ತೂಕ ತಿಳಿದದ್ದು ಮದುವೆಯಾಗಿ ಅಫಜಲಪುರಕ್ಕೆ ಹೋದ ಮೇಲೆ.

ಅಫಜಲಪುರದ ನಮ್ಮ ಅತ್ತೆ ಚೌಕಾಸಿಯಲ್ಲಿ ಗಟ್ಟಿಗಿತ್ತಿ. ಗಾಣಗಾಪುರದ ಹುಣ್ಣಿಮೆಗೆ ಹೋದರೂ ದತ್ತನ ದರ್ಶನಕ್ಕೆ ಹಿಡಿದಷ್ಟೇ ಹೊತ್ತು ಬಳೆ ಅಂಗಡಿಯಲ್ಲೂ ಹಿಡಿಯುತ್ತಿತ್ತು. ನಾನು ಒಂದು ದಿನ ನಮ್ಮಪ್ಪನ ಹಲಗೆಯ ಸಂಗತಿ ದೊಡ್ಡಸ್ತಿಕೆಯಿಂದ ಹೇಳಿದೆ. ಅವರು ನಕ್ಕು ಹೇಳಿದ್ದು ಇಷ್ಟು: 'ಮನ್ಯಾಗ ಮಾವನ ಮುಂದ ಮಾತಾಡಂಗಿಲ್ಲ, ಗಂಡನ ಮುಂದ ಎದುರು ಹೇಳಂಗಿಲ್ಲ. ಸಂತ್ಯಾಗ ಒಂದೀಟು ಬಾಯಿ ಬಿಡ್ತಿದ್ದೆವು. ಅದನ್ನೂ ನಿಮ್ಮಪ್ಪ ಚೀಟಿ ಹಚ್ಚಿ ಮುಚ್ಚಿದ್ನೇನವ್ವ?'

ಚೌಕಾಸಿಯ ಪರವಾಗಿ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಎಲ್ಲೂ ಕೇಳಿಲ್ಲ. ಸಂತೆಯ ಚೌಕಾಸಿಯಲ್ಲಿ ಬೆಲೆಯ ಜೊತೆ ಊರ ಸುದ್ದಿ ಇತ್ತು, ನಗೆ ಇತ್ತು, ಮನೆಯಲ್ಲಿ ಯಾರೂ ಮೆಚ್ಚದ ಜಾಣತನಕ್ಕೆ ಒಂದು ಮೆಚ್ಚುಗೆ ಇತ್ತು. ಸಂಸಾರದ ನಾಲ್ಕು ಕಾಸು ಉಳಿಸಿದ ಹೆಮ್ಮೆ ಇತ್ತು. ಮಾತಾಡಿದರೆ ಬೆಲೆ ಇಳಿಯುತ್ತದೆ ಎಂಬುದು ತನ್ನ ಮಾತಿಗೂ ಲೋಕದಲ್ಲಿ ಬಲವಿದೆ ಎಂಬ ನಂಬಿಕೆ. ಇಷ್ಟೆಲ್ಲ ನಿಜವಾದರೂ ಅತ್ತೆಗೆ ನಾನು ಮನಸ್ಸಿನಲ್ಲೇ ಒಂದು ಉತ್ತರ ಕೊಟ್ಟುಕೊಂಡೆ. ಅವರು ಉಳಿಸಿದ ನಾಲ್ಕು ಕಾಸನ್ನು ಬಳೆಗಾರ ತನ್ನ ಗಂಟಿನಿಂದ ಕೊಡಲಿಲ್ಲ. ಹಿಂದೆ ನಿಂತ, ಬಾಯಿ ಬಾರದ ಹುಡುಗಿಯ ಕಡೆಯಿಂದ ವಸೂಲಿ ಮಾಡಿದ. ಜಾಣೆಯ ಗೆಲುವಿನ ಖರ್ಚು ಅಮಾಯಕಳ ಲೆಕ್ಕಕ್ಕೆ. ಹೆಣ್ಣಿಗೆ ಮಾತಾಡುವ ಜಾಗ ಬೇಕು, ನಿಜ. ಅದನ್ನು ಮನೆಯಲ್ಲಿ ಕೊಡಬೇಕಾಗಿತ್ತು. ಮನೆ ಕೊಡದ್ದನ್ನು ಸಂತೆಯಲ್ಲಿ ಹುಡುಕಿದರೆ ಇನ್ನೊಬ್ಬ ಹೆಣ್ಣು ಅದರ ದಂಡ ಕಟ್ಟಬೇಕಾಗುತ್ತದೆ.

ಈಗ ಕಾಂಟನ ಪ್ರಶ್ನೆಗೆ ಬರುತ್ತೇನೆ. 1972ರಲ್ಲಿ ಬರ ಬಿತ್ತು. ಮಹಾರಾಷ್ಟ್ರದಲ್ಲೂ ನಮ್ಮ ಭಾಗದಲ್ಲೂ ಆ ಬರವನ್ನು ಕಂಡವರು ಈಗಲೂ ಕಾಲವನ್ನು ಅದರ ಹಿಂದೆ, ಅದರ ಮುಂದೆ ಎಂದು ಎಣಿಸುತ್ತಾರೆ. ತೊಗರಿ ಹೋಯಿತು, ಜೋಳ ಹೋಯಿತು. ರೈತರು ಸರಕಾರದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು. ಆದರೆ ಬರಗಾಲದಲ್ಲೂ ಸೀರೆ ಹರಿಯುತ್ತದೆ, ಮಗಳ ಮದುವೆ ಬರುತ್ತದೆ, ಸತ್ತವರ ಮೈಮೇಲೆ ಹೊದಿಸಲು ಅರಿವೆ ಬೇಕಾಗುತ್ತದೆ. ಜನ ಉದ್ರಿ ಕೇಳಿಕೊಂಡು ಬಂದರು. ಮೊದಲೂ ಉದ್ರಿ ಇತ್ತು, ತೊಗರಿ ಬಂದ ಕೂಡಲೆ ತೀರುತ್ತಿತ್ತು. ಈಗ ತೊಗರಿಯೇ ಇಲ್ಲ.

ಬಜಾರದಲ್ಲಿ ಕೆಲವು ಅಂಗಡಿಗಳು ಎರಡು ದರ ಮಾಡಿದವು: ರೋಖಕ್ಕೆ ಒಂದು, ಉದ್ರಿಗೆ ಒಂದು. ಕಾಕಾ ನಾವೂ ಹಾಗೆ ಮಾಡೋಣ ಎಂದ. ಆತನ ವಾದ ತಪ್ಪೆಂದು ನಾನು ಇವತ್ತೂ ಹೇಳಲಾರೆ. ಒಂದು ವರ್ಷ ಬಿಟ್ಟು ಬರುವ ರೂಪಾಯಿ ಇವತ್ತಿನ ರೂಪಾಯಿಯಲ್ಲ, ಕಾಲಕ್ಕೂ ಬೆಲೆಯಿದೆ, ಸೊಲ್ಲಾಪುರದವರು ನಮಗೆ ಬಡ್ಡಿ ಬಿಡುವುದಿಲ್ಲ. ಅಪ್ಪ ಒಪ್ಪಲಿಲ್ಲ. 'ದರ ಒಂದೇ. ಗಡುವು ಬ್ಯಾರೆ ಬ್ಯಾರೆ ಇರಲಿ' ಎಂದ. ಇದ್ದವರು ಇವತ್ತು ಕೊಡಲಿ, ಇಲ್ಲದವರು ಮುಂದಿನ ರಾಶಿಗೆ ಕೊಡಲಿ, ಅದೂ ಆಗದವರು ಅದರ ಮುಂದಿನ ರಾಶಿಗೆ. 1973ರಲ್ಲಿ, 1974ರಲ್ಲಿ ದೇಶದ ತುಂಬ ಬೆಲೆಗಳು ಏರಿದವು. ಹಳೆಯ ದರದಲ್ಲಿ ಉದ್ರಿ ಕೊಟ್ಟ ಸೀರೆಯ ದುಡ್ಡು ಕೈಗೆ ಬರುವಷ್ಟರಲ್ಲಿ ಆ ದುಡ್ಡಿಗೆ ಅಂಥದೇ ಸೀರೆ ಸೊಲ್ಲಾಪುರದಲ್ಲಿ ಸಿಗುತ್ತಿರಲಿಲ್ಲ.

ಕಾಂಟನ ಪ್ರಶ್ನೆಗೆ ಅರ್ಥವಿದೆ ಎಂದು ನನಗೆ ಗೊತ್ತಾದದ್ದು ಇಲ್ಲಿ. ಮಳೆ ಬೆಳೆ ಚೆನ್ನಾಗಿರುವಾಗ ಧರ್ಮದ ಅಂಗಡಿಕಾರನೂ ಲೆಕ್ಕದ ಅಂಗಡಿಕಾರನೂ ಒಂದೇ ಹಲಗೆ ಹಾಕಿಕೊಂಡು ಕುಳಿತಿರುತ್ತಾರೆ. ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ, ಕಾಣಬೇಕಾದ ಅಗತ್ಯವೂ ಇಲ್ಲ. ಲಾಭ ಒಂದು ದಾರಿ, ನ್ಯಾಯ ಇನ್ನೊಂದು ದಾರಿ ಹಿಡಿದ ದಿನ ಒಬ್ಬ ಹಲಗೆ ಇಳಿಸುತ್ತಾನೆ, ಒಬ್ಬ ಇಳಿಸುವುದಿಲ್ಲ. ಉದ್ದೇಶ ಎಂಬುದು ಎದೆಯೊಳಗೆ ಅಡಗಿರುವ ವಸ್ತುವಲ್ಲ, ಅದು ಬರಗಾಲದಲ್ಲಿ ಬೀದಿಗೆ ಬರುತ್ತದೆ.

ಇನ್ನೊಂದು ಮಾತು ಕೂಡ ಅಪ್ಪನಿಂದ ಕಲಿತೆ. ಒಂದೇ ದರದಲ್ಲಿ ದಯೆಗೆ ಜಾಗವಿಲ್ಲ, ಬಡವಳಿಗೂ ಅದೇ ಶ್ರೀಮಂತಳಿಗೂ ಅದೇ ಎಂದು ಆಕ್ಷೇಪಿಸುವವರಿದ್ದಾರೆ. ಅಪ್ಪ ದಯೆಯನ್ನು ಬೆಲೆಯೊಳಗೆ ಕಲಸಲಿಲ್ಲ, ಕಾಲದಲ್ಲಿ ಇಟ್ಟ. ಬೆಲೆಯಲ್ಲಿ ತೋರಿಸಿದ ದಯೆ ಕೊಳ್ಳುವವಳ ತಲೆ ತಗ್ಗಿಸುತ್ತದೆ. ಅವಳು ಅತ್ತು ಕರೆದು, ತನ್ನ ಬಡತನವನ್ನು ಗಾದಿಯ ಮೇಲೆ ಹರವಿ ತೋರಿಸಬೇಕು. ಗಡುವಿನಲ್ಲಿ ತೋರಿಸಿದ ದಯೆಯಲ್ಲಿ ಅವಳು ಪೂರ್ತಿ ಬೆಲೆ ಕೊಡುವ ಗಿರಾಕಿಯಾಗಿಯೇ ಉಳಿಯುತ್ತಾಳೆ. ಮೂರು ವರ್ಷದ ನಂತರ ಸೆರಗಿನ ಗಂಟು ಬಿಚ್ಚಿ 'ಹಿಡೀರಿ ಸಾವ್ಕಾರ್ರ, ಲೆಕ್ಕಾ ಹೊಡೀರಿ' ಎಂದು ಎಣಿಸಿ ಇಟ್ಟು, ವಹಿಯಲ್ಲಿ ಗೆರೆ ಎಳೆಸಿ ಹೋದ ಮುದುಕಿಯೊಬ್ಬಳ ನಡಿಗೆ ನನ್ನ ಕಣ್ಣಿಗೆ ಕಟ್ಟಿದೆ.

ಎಲ್ಲರೂ ಹಾಗೆ ಬರಲಿಲ್ಲ. ಪ್ರಾಮಾಣಿಕತೆಯೇ ಒಳ್ಳೆಯ ವ್ಯಾಪಾರ ಎಂದು ಹೇಳುವವರಿಗೆ ನಮ್ಮ ಅಂಗಡಿಯ ಕಥೆ ಉಪಯೋಗಕ್ಕೆ ಬಾರದು. ಸೊಲ್ಲಾಪುರದ ಸಾಲವನ್ನು ಅಪ್ಪ ಹೇಗೋ ತೀರಿಸಿದ. ಅಣ್ಣತಮ್ಮಂದಿರು ಬೇರೆಯಾದರು. ಕಾಕಾನ ರೆಡಿಮೇಡ್ ಅಂಗಡಿ ಎರಡು ಮಾಳಿಗೆಯಾಯಿತು. ಅಪ್ಪನದು ಗಾದಿಯಷ್ಟೇ ಉಳಿದು, ಆತನ ಜೊತೆಗೇ ಮುಗಿಯಿತು.

ಮುಗಿದದ್ದು ನಮ್ಮದೊಂದೇ ಅಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ನೀಲಗಿರೀಸ್ ಹೆಸರು ಕೇಳಿರಬಹುದು. 1905ರಲ್ಲಿ ನೀಲಗಿರಿ ಬೆಟ್ಟದಲ್ಲಿ ಬೆಣ್ಣೆಯ ವ್ಯಾಪಾರದಿಂದ ಶುರುವಾಗಿ, 1936ರಲ್ಲಿ ಬೆಂಗಳೂರಿಗೆ ಬಂದು, 1971ರಲ್ಲಿ ಗಿರಾಕಿ ತಾನೇ ಸಾಮಾನು ಎತ್ತಿಕೊಳ್ಳುವ ಸೂಪರ್ ಮಾರ್ಕೆಟ್ ಆದ ಒಂದು ಮುದಲಿಯಾರ್ ಕುಟುಂಬದ ಅಂಗಡಿ ಅದು. 2006ರಲ್ಲಿ ಅದರ ದೊಡ್ಡ ಪಾಲು ಆಕ್ಟಿಸ್ ಎಂಬ ಹೂಡಿಕೆ ಸಂಸ್ಥೆಗೆ ಹೋಯಿತು, 2014ರಲ್ಲಿ ಫ್ಯೂಚರ್ ಸಮೂಹಕ್ಕೆ. ಒಂದು ಮನೆಯ ಹೆಸರಿನ ಹಿಂದೆ ಆ ಮನೆಯವರು ಇಲ್ಲದ ಕಾಲ ಬಂತು.

ಬೆಲೆಯ ಚೀಟಿ ಮಾತ್ರ ಈಗ ಎಲ್ಲ ಕಡೆ ಇದೆ. ಪೊಟ್ಟಣದ ಮೇಲೆ ತೆರಿಗೆಯೆಲ್ಲ ಸೇರಿಸಿ ಗರಿಷ್ಠ ಮಾರಾಟ ಬೆಲೆ ಮುದ್ರಿಸುವ ನಿಯಮ 1990ರಲ್ಲಿ ಬಂತು. ಆ ದಶಕದಲ್ಲಿ ಯಜಮಾನರ ನೌಕರಿಯಿಂದ ನಾವು ಜೇವರ್ಗಿಯಲ್ಲಿದ್ದೆವು. ಭೀಮೆಯ ದಂಡೆಯ ಹಳ್ಳಿಗಳಿಂದ ಬಂದ ಹುಡುಗಿಯರು ಸಾಬೂನಿನ ಮೇಲಿನ ಅಂಕಿಯನ್ನು ಬೆರಳಿಟ್ಟು ಓದಿ, ಅಷ್ಟೇ ಚಿಲ್ಲರೆ ಎಣಿಸಿ ಕೊಡುವುದನ್ನು ನೋಡಿ ನನಗೆ ಹಿಗ್ಗಾಗುತ್ತಿತ್ತು. ಆಯಿಯ ಪ್ರಶ್ನೆಗೆ ಸರಕಾರವೇ ಉತ್ತರ ಕೊಟ್ಟಿತಲ್ಲ ಎನಿಸಿತ್ತು. ಆದರೆ ಅಲ್ಲಿಯೇ ತಂಪು ಮಾಡಿದ್ದಕ್ಕೆಂದು ಬಾಟಲಿಗೆ ಎರಡು ರೂಪಾಯಿ ಹೆಚ್ಚು ಕೇಳುವವರೂ ಇದ್ದರು. ಗರಿಷ್ಠ ಎಂದರೆ ಅದಕ್ಕಿಂತ ಹೆಚ್ಚು ಕೇಳಬಾರದು, ಕಡಿಮೆಗೆ ಕೊಡಬಹುದು ಎಂದರ್ಥ. ಇದನ್ನು ನಾವು ತಿಳಿದಿರಬೇಕು, ನಮ್ಮ ಮನೆಗೆಲಸದವರಿಗೂ ತಿಳಿಸಬೇಕು.

ಈಗ ಬೇರೊಂದು ಗಾಳಿ ಬೀಸಿದೆ. ವಿಮಾನದ ಟಿಕೆಟ್ಟಿನ ದರ ಮುಂಜಾನೆಗೊಂದು ಸಂಜೆಗೊಂದು. ಮಳೆ ಬಂದರೆ ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿಯ ಬಾಡಿಗೆ ಏರುತ್ತದೆ. 2025ರ ಜನವರಿಯಲ್ಲಿ ಫೋನಿನ ಜಾತಿ ನೋಡಿ ಬಾಡಿಗೆ ಬೇರೆ ಬೇರೆ ತೋರಿಸುತ್ತಾರೆ ಎಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಉಬರ್ ಕಂಪನಿಗಳಿಗೆ ನೋಟಿಸು ಕೊಟ್ಟಿತು; ಹಾಗೇನೂ ಮಾಡುವುದಿಲ್ಲ ಎಂದು ಕಂಪನಿಗಳು ಹೇಳಿದವು. ಆ ದೂರು ಸರಿಯೋ ತಪ್ಪೋ ವಿಚಾರಿಸುವವರು ವಿಚಾರಿಸಲಿ. ನನಗೆ ನೆನಪಾಗುವುದು ಮುತ್ಯಾನ ಗುಟ್ಟಿನ ಅಕ್ಷರ. ಆತ ಮುಖ ನೋಡಿ ದರ ಹೇಳುತ್ತಿದ್ದ, ನಿಜ. ಮುಖ ನೋಡಬೇಕಾದ್ದರಿಂದ ಒಮ್ಮೊಮ್ಮೆ ನಾಚಿಕೆಯೂ ಆಗುತ್ತಿದ್ದಿರಬೇಕು. ಚೀಲ ಹೊಲಿಯುತ್ತ ಪ್ರಶ್ನೆ ಕೇಳುವ ಹೆಂಡತಿ ಮನೆಯಲ್ಲಿದ್ದಳು. ಯಂತ್ರಕ್ಕೆ ಇವೆರಡೂ ಇಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ನಾವೇ ಕೇಳುತ್ತಿರಬೇಕು: ನನಗೆ ತೋರಿಸಿದ ಬೆಲೆ, ಏನೂ ತಿಳಿಯದ ಮಗುವಿಗೂ ಇದೇ ಏನು?

ಇಷ್ಟು ಬರೆದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಸೊಲ್ಲಾಪುರದ ಸಾಲವನ್ನು ಅಪ್ಪ ಹೇಗೋ ತೀರಿಸಿದ ಎಂದೆನಲ್ಲ. ತೀರಿದ್ದು ಅವ್ವನ ಪಾಟಲಿಯಿಂದ. ನಾಲ್ಕು ಪಾಟಲಿ, ತವರಿನಿಂದ ಬಂದವು. ಅಪ್ಪ ಅವನ್ನು ಕಪಾಟಿನಿಂದ ತೆಗೆದುಕೊಂಡು ಹೋಗಿ ಮಾರಿ ಬಂದ ಮೇಲೆ ಹೇಳಿದ. ಊರೆಲ್ಲ ಅಪ್ಪನನ್ನು ಹೊಗಳುವಾಗ ನಾನೂ ಹಿಗ್ಗಿದವಳೇ. ಆದರೆ ಬರಗಾಲದ ಆ ಉದ್ರಿಯ ದಯೆಯನ್ನು ಕೊಟ್ಟವರು ಯಾರು? ಮುತ್ಯಾ ಬಾಯಿ ಇಲ್ಲದವರ ಕಡೆಯಿಂದ ತೆಗೆದುಕೊಂಡು ಗುಡಿಗೆ ಕೊಟ್ಟ. ಅಪ್ಪ ಬಾಯಿ ಇಲ್ಲದವರಿಗೆ ಕೊಟ್ಟ, ತೆಗೆದುಕೊಂಡದ್ದು ಮನೆಯಲ್ಲಿ ಬಾಯಿ ಇಲ್ಲದವಳ ಕಡೆಯಿಂದ. ಮಾರ್ಗರೀತಳ ಪಾಲು ಕಾಗದದ ಮೇಲಿತ್ತು, ಕೊಡುವಾಗ ಅವಳ ಸಹಿ ಬೇಕಾಗುತ್ತಿತ್ತು. ಅವ್ವನ ಪಾಲು ಯಾವ ವಹಿಯಲ್ಲೂ ಇರಲಿಲ್ಲ.

ಬಹಳ ವರ್ಷದ ಮೇಲೆ ಅವ್ವನನ್ನು ಕೇಳಿದೆ, ನಿನಗೆ ಕೆಟ್ಟೆನಿಸಲಿಲ್ಲೇನು ಎಂದು. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆ ಹೇಳಿದಳು: 'ಪಾಟಲಿ ಹೋದದ್ದಕ್ಕ ಏನಿಲ್ಲ. ಕೇಳಿದ್ರ ಇಲ್ಲ ಅಂತಿದ್ನೇನು? ಕೇಳಬೇಕಾಗಿತ್ತು.'

ಒಂದೇ ದರ ಎಂಬ ಹಲಗೆಯ ಅರ್ಥ ಕೊನೆಗೆ ಇಷ್ಟೇ ಇರಬೇಕು. ಬಾಯಿ ಇದ್ದವರನ್ನು ಹೇಗೆ ಕಾಣುತ್ತೇವೋ ಇಲ್ಲದವರನ್ನೂ ಹಾಗೇ ಕಾಣುವುದು. ಕೇಳದೆ ಯಾರ ಕಡೆಯಿಂದಲೂ ತೆಗೆದುಕೊಳ್ಳದಿರುವುದು. ಅಪ್ಪ ಅದನ್ನು ಅಂಗಡಿಯ ಗೋಡೆಗೆ ಹೊಡೆಸಿದ. ಮನೆಯ ಗೋಡೆಗೆ ಹೊಡೆಸುವ ಕೆಲಸ ನಮ್ಮ ತಲೆಮಾರಿಗೆ ಉಳಿದಿತ್ತು. ಅದು ಇನ್ನೂ ಮುಗಿದಿಲ್ಲ.